ಗಿರಾಕಿ ಅಲುಗಲಿಲ್ಲ, ಕಾರ್ಖಾನೆ ತೂಗಾಡಿತು

2021ರ ಗಣೇಶ ಚೌತಿಯ ಆಸುಪಾಸಿನಲ್ಲಿ ಹೊಸ ಕಾರು ಕೊಳ್ಳಲು ಹೊರಟವರ ಬಳಿ ಶೋರೂಮಿನವರು ದುಡ್ಡಿಗಿಂತ ಮೊದಲು ತಾರೀಕಿನ ಮಾತೆತ್ತುತ್ತಿದ್ದರು. ಮುಂಗಡ ಕಟ್ಟಿ ಹೋಗಿ, ಗಾಡಿ ಬಂದಾಗ ಫೋನ್ ಮಾಡುತ್ತೇವೆ. ಮೂರು ತಿಂಗಳಾದೀತು, ಆರಾದರೂ ಆದೀತು. ಯಾಕೆ ಎಂದರೆ ‘ಚಿಪ್ ಇಲ್ಲ ಸಾರ್’. ಆ ಸೆಪ್ಟೆಂಬರಿನಲ್ಲಿ ಹರಿಯಾಣ ಮತ್ತು ಗುಜರಾತಿನ ಕಾರ್ಖಾನೆಗಳಿಂದ ಮಾಮೂಲಿನ ಶೇ. 40ರಷ್ಟು ವಾಹನಗಳು ಮಾತ್ರ ಹೊರಬರಬಹುದು ಎಂದು ಮಾರುತಿ ಸುಜುಕಿ ಮೊದಲೇ ಸಾರಿತ್ತು. ಟೊಯೊಟಾ ಅದೇ ತಿಂಗಳ ತನ್ನ ಜಾಗತಿಕ ಉತ್ಪಾದನೆಯ ಯೋಜನೆಯಿಂದ ಶೇ. 40 ಕತ್ತರಿಸಿತ್ತು.

ಇನ್ನೊಂದು ಸುದ್ದಿ 2023ರ ಏಪ್ರಿಲಿನದು. ಚಿಪ್ಪುಗಳು ಗೋದಾಮಿನಲ್ಲಿ ಕೊಳೆಯುತ್ತಿವೆ, ಬೆಲೆ ನೆಲಕಚ್ಚಿದೆ, ಆದ್ದರಿಂದ ಮೆಮೊರಿ ಚಿಪ್ಪುಗಳ ತಯಾರಿಕೆ ತಗ್ಗಿಸುತ್ತೇವೆ ಎಂದು ಸ್ಯಾಮ್‌ಸಂಗ್ ಹೇಳಿತು. ಕಾರಿನ ಚಿಪ್ಪು ಬೇರೆ, ಮೆಮೊರಿ ಚಿಪ್ಪು ಬೇರೆ ಎಂಬುದು ನಿಜ. ಆದರೂ ‘ಎಲ್ಲೂ ಇಲ್ಲ’ ಎಂಬ ಕೂಗಿನಿಂದ ‘ಯಾರಿಗೂ ಬೇಡ’ ಎಂಬ ಕೂಗಿಗೆ ಒಂದೂವರೆ ವರ್ಷ ಸಾಕಾಯಿತಲ್ಲ! 2020ರ ಮಾರ್ಚಿನಲ್ಲಿ ಸ್ಯಾನಿಟೈಸರಿನದೂ ಇದೇ ಪಾಡು. 200 ಮಿಲಿಲೀಟರಿಗೆ 100 ರೂಪಾಯಿ ದಾಟಕೂಡದೆಂದು ಸರ್ಕಾರವೇ ಕಟ್ಟು ಹಾಕಬೇಕಾಯಿತು. ಕೆಲವೇ ತಿಂಗಳಲ್ಲಿ ಬಟ್ಟೆ ಅಂಗಡಿಯ ಗಲ್ಲಾದ ಪಕ್ಕದಲ್ಲೂ ಅದರ ಸಾಲು ಸಾಲು ಬಾಟಲಿಗಳು.

ಜನರ ಬಯಕೆ ಹೀಗೆ ಏರಿಳಿಯಿತೆ? ಸ್ವಲ್ಪ ಏರಿಳಿದಿದ್ದು ನಿಜ. ಆದರೆ ಕಾರ್ಖಾನೆಯ ಬಾಗಿಲಲ್ಲಿ ಕಂಡ ಏರಿಳಿತಕ್ಕೂ ನಮ್ಮ ನಿಮ್ಮ ಬಯಕೆಯ ಏರಿಳಿತಕ್ಕೂ ತಾಳೆ ಇಲ್ಲ. ನಡುವೆ ಎಲ್ಲೋ ಅದು ದೊಡ್ಡದಾಗಿದೆ. ಎಲ್ಲಿ, ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಮೂರು ಪಾಳಿ, ಆಮೇಲೆ ಮನೆಗೆ

ಈ ಪ್ರಶ್ನೆಯನ್ನು ಬಿಡದೆ ಹಿಡಿದು ಜಗ್ಗಿದವರೊಬ್ಬರು ವ್ಯಾಪಾರಿಯಲ್ಲ, ಅರ್ಥಶಾಸ್ತ್ರಜ್ಞರೂ ಅಲ್ಲ. ಜೇ ಫಾರೆಸ್ಟರ್ ಅಮೆರಿಕದ ನೆಬ್ರಾಸ್ಕದ ದನಗಾವಲಿನ ಮನೆಯಲ್ಲಿ ಬೆಳೆದ ಎಲೆಕ್ಟ್ರಿಕಲ್ ಎಂಜಿನಿಯರ್. ಎಂಐಟಿಯಲ್ಲಿ ವರ್ಲ್‌ವಿಂಡ್ ಎಂಬ ಕಂಪ್ಯೂಟರ್ ಕಟ್ಟಿದವರು, ಅದಕ್ಕೆ ಬೇಕಾದ ಅಯಸ್ಕಾಂತೀಯ ನೆನಪುಕೋಶವನ್ನು ರೂಪಿಸಿದವರು. 1956ರಲ್ಲಿ ಅವರು ಅದೇ ಸಂಸ್ಥೆಯ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದರು. ಆಗ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ತಮ್ಮ ತಲೆನೋವೊಂದನ್ನು ಅವರಿಗೆ ಹೇಳಿಕೊಂಡರು. ಕೆಂಟಕಿಯಲ್ಲಿ ಮನೆಬಳಕೆಯ ಯಂತ್ರಗಳನ್ನು ಮಾಡುವ ಅವರ ಕಾರ್ಖಾನೆಗಳು ಒಂದಷ್ಟು ಕಾಲ ಮೂರು ಪಾಳಿಯಲ್ಲಿ ದುಡಿಯುತ್ತಿದ್ದವು. ಕೆಲವು ವರ್ಷ ಕಳೆದರೆ ಅರ್ಧ ಜನರನ್ನು ಮನೆಗೆ ಕಳುಹಿಸಬೇಕಾಗುತ್ತಿತ್ತು. ‘ಮಾರುಕಟ್ಟೆಯೇ ಹಾಗೆ, ಏಳುತ್ತದೆ, ಬೀಳುತ್ತದೆ’ ಎಂಬ ಸಮಾಧಾನ ರೂಢಿಯಲ್ಲಿತ್ತು. ಫಾರೆಸ್ಟರಿಗೆ ಅದು ಒಪ್ಪಿಗೆಯಾಗಲಿಲ್ಲ.

ಕಂಪನಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಹೇಗೆ, ಎಷ್ಟು ಮಾಲು ಇಟ್ಟುಕೊಳ್ಳುತ್ತದೆ, ಎಷ್ಟಕ್ಕೆ ಆರ್ಡರ್ ಹಾಕುತ್ತದೆ ಎಂದು ಕೇಳಿ ತಿಳಿದುಕೊಂಡು, ನೋಟುಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ವಾರ ವಾರದ ಲೆಕ್ಕ ಬರೆಯುತ್ತ ಹೋದರು. ಕಂಪ್ಯೂಟರ್ ಕಟ್ಟಿದ ಮನುಷ್ಯ ಕಂಪ್ಯೂಟರಿನ ಗೋಜಿಗೆ ಹೋಗಲಿಲ್ಲ ಎಂಬುದು ನನಗೆ ಇಷ್ಟವಾದ ವಿವರ. ಹೊರಗಿನಿಂದ ಬರುವ ಆರ್ಡರ್ ಒಂದೇ ಸಮನಾಗಿದ್ದರೂ ಕಂಪನಿಯ ಸ್ವಂತ ನಿಯಮಗಳೇ ಈ ಹೊಯ್ದಾಟವನ್ನು ಹುಟ್ಟಿಸಬಲ್ಲವು ಎಂದು ಆ ಲೆಕ್ಕ ತೋರಿಸಿತು. 1958ರಲ್ಲಿ ಲೇಖನವಾಗಿ, 1961ರಲ್ಲಿ ‘ಇಂಡಸ್ಟ್ರಿಯಲ್ ಡೈನಮಿಕ್ಸ್’ ಎಂಬ ಪುಸ್ತಕವಾಗಿ ಅದು ಹೊರಬಂತು.

ಹತ್ತು ಹನ್ನೊಂದಾದಾಗ

ಪೆನ್ಸಿಲ್ ನಾವೂ ಹಿಡಿಯೋಣ. ಹಾವೇರಿಯ ಒಂದು ದಿನಸಿ ಅಂಗಡಿ. ಅದಕ್ಕೆ ಸೋಪು ಕೊಡುವ ಡಿಸ್ಟ್ರಿಬ್ಯೂಟರ್ ಅದೇ ಊರಿನವರು. ಅವರಿಗೆ ಹುಬ್ಬಳ್ಳಿಯ ಡಿಪೋದಿಂದ ಮಾಲು, ಡಿಪೋಗೆ ಫ್ಯಾಕ್ಟರಿಯಿಂದ. ಅಂಗಡಿಯಲ್ಲಿ ವಾರಕ್ಕೆ 10 ಕೇಸ್ ಸೋಪು ಖರ್ಚು. ಪ್ರತಿ ಕೊಂಡಿಯಲ್ಲೂ ಒಂದೇ ನಿಯಮ, ಅದೂ ಬುದ್ಧಿವಂತರ ನಿಯಮ: ಈ ವಾರ ಎಷ್ಟು ಹೋಯಿತೋ ಅದರ ಎರಡರಷ್ಟು ಮಾಲು ಮುಂದಿನ ವಾರದ ಆರಂಭಕ್ಕೆ ಕೈಯಲ್ಲಿರಬೇಕು. ಆದ್ದರಿಂದ ಎಲ್ಲರ ಬಳಿಯೂ 20 ಕೇಸ್ ಇದೆ, ಎಲ್ಲರೂ ವಾರಕ್ಕೆ 10 ತರಿಸುತ್ತಾರೆ.

ಒಂದು ವಾರ 10ರ ಬದಲು 11 ಕೇಸ್ ಹೋಯಿತು; ಪಕ್ಕದಲ್ಲಿ ಹೊಸ ಹಾಸ್ಟೆಲ್ ಬಂದಿದೆ ಎನ್ನಿ. ಮುಂದೆಯೂ ವಾರಕ್ಕೆ 11ರಂತೆಯೇ ಹೋಗುತ್ತದೆ. ಏರಿಕೆ ಅಷ್ಟೇ, ಮತ್ತೇನೂ ಇಲ್ಲ.

ಅಂಗಡಿಯಲ್ಲಿ ಉಳಿದದ್ದು 9. ಈಗ ಇರಬೇಕಾದದ್ದು 22. ಆರ್ಡರ್ 13. ಡಿಸ್ಟ್ರಿಬ್ಯೂಟರಿಗೆ ಹಾಸ್ಟೆಲ್ಲು ಕಾಣುವುದಿಲ್ಲ, 13 ಎಂಬ ಅಂಕಿ ಕಾಣುತ್ತದೆ. 13 ಕೊಟ್ಟ ಮೇಲೆ ಅವರಲ್ಲಿ 7 ಉಳಿಯಿತು, ಇರಬೇಕಾದದ್ದು 26, ಆರ್ಡರ್ 19. ಡಿಪೋದವರು 19 ಕಳಿಸಿ ನೋಡಿದರೆ ಉಳಿದದ್ದು ಒಂದೇ ಕೇಸ್. ‘ಹಾವೇರಿಯಲ್ಲಿ ಮಾಲು ಹಾರಿಹೋಗುತ್ತಿದೆ’ ಎಂದು ಅವರು 38 ಇಟ್ಟುಕೊಳ್ಳಲು ಹೊರಡುತ್ತಾರೆ, ಫ್ಯಾಕ್ಟರಿಗೆ 37ರ ಆರ್ಡರ್ ಹೋಗುತ್ತದೆ.

ಫ್ಯಾಕ್ಟರಿ ರಾತ್ರಿ ಪಾಳಿ ಹಾಕಿಸಿ 37 ಕಳಿಸಿತು. ಮರುವಾರ ಅಂಗಡಿಯಲ್ಲಿ ಮತ್ತೆ 11 ಹೋಯಿತು, ಅಂಗಡಿಯವರು 11 ತರಿಸಿದರು. ಡಿಸ್ಟ್ರಿಬ್ಯೂಟರಲ್ಲಿ 26 ಇತ್ತು, 11 ಕೊಟ್ಟು 15 ಉಳಿಯಿತು, ಈಗ 22 ಸಾಕು, 7 ತರಿಸಿದರು. ಡಿಪೋದಲ್ಲಿ 38 ಇತ್ತು, 7 ಕೊಟ್ಟು 31 ಉಳಿಯಿತು, ಬೇಕಾದದ್ದು 14. ಫ್ಯಾಕ್ಟರಿಗೆ ಹೋದ ಆರ್ಡರ್: ಸೊನ್ನೆ. ಅದರ ಮುಂದಿನ ವಾರ 2. ಆಮೇಲೆ 11.

ಫ್ಯಾಕ್ಟರಿಯ ಮ್ಯಾನೇಜರ್ ಕಂಡ ಸಾಲು ಹೀಗಿದೆ: 10, 37, 0, 2, 11. ಅಂಗಡಿಯ ಗಲ್ಲಾದಲ್ಲಿ ನಡೆದದ್ದು: 10, 11, 11, 11, 11. ಲೆಕ್ಕದಲ್ಲಿ ಯಾರೂ ತಪ್ಪಿಲ್ಲ, ಯಾರೂ ಸುಳ್ಳು ಹೇಳಿಲ್ಲ, ಗಾಬರಿಬೀಳುವ ಗಿರಾಕಿ ಒಬ್ಬನೂ ಇಲ್ಲ. ಕೆಳಗಿನವರ ಆರ್ಡರನ್ನೇ ಜನರ ಬೇಡಿಕೆ ಎಂದು ಓದಿದ್ದು, ಅದರ ಮೇಲೆ ತಮ್ಮ ಗೋದಾಮು ತುಂಬಿಸುವ ಅಂಕಿ ಸೇರಿಸಿದ್ದು, ಇಷ್ಟೇ ಪ್ರತಿಯೊಬ್ಬರೂ ಮಾಡಿದ್ದು. ಗೋದಾಮು ತುಂಬಿಸುವ ಆ ಆರ್ಡರ್ ಒಂದೇ ಸಲದ್ದು. ಮೇಲಿನವರಿಗೆ ಅದು ಪ್ರತಿ ವಾರದ್ದಾಗಿ ಕಾಣುತ್ತದೆ. ಇದಕ್ಕೆ ‘ಬುಲ್‌ವಿಪ್ ಎಫೆಕ್ಟ್’ ಎಂದು ಹೆಸರು. ಚಾಟಿ ಪರಿಣಾಮ ಎನ್ನೋಣ. ಹಿಡಿಯ ಬಳಿ ಮಣಿಕಟ್ಟು ಒಂದಿಷ್ಟು ಕದಲಿದರೆ ಸಾಕು, ತುದಿ ಆಳೆತ್ತರಕ್ಕೆ ಬೀಸುತ್ತದೆ.

ತಾರಸಿಯ ಬಿಸಿನೀರು

ಮೇಲಿನ ಲೆಕ್ಕದಲ್ಲಿ ಒಂದು ಉದಾರತೆ ತೋರಿಸಿದ್ದೇನೆ. ಈ ವಾರ ಕೇಳಿದ ಮಾಲು ಮುಂದಿನ ವಾರಕ್ಕೆ ಬಂದೇಬಿಟ್ಟಿತು. ನಿಜದಲ್ಲಿ ಅದು ದಾರಿಯಲ್ಲಿರುತ್ತದೆ. ಈ ತಡವೇ ಕಾಯಿಲೆಯ ಇನ್ನೊಂದು ಅರ್ಧ, ಇದು ಗೊತ್ತಾಗುವುದಕ್ಕೆ ನಮಗೆ ಬಚ್ಚಲುಮನೆ ಸಾಕು.

ಸೋಲಾರ್ ಹೀಟರ್ ತಾರಸಿಯ ಮೇಲಿದೆ, ಬಚ್ಚಲು ಎರಡು ಮಹಡಿ ಕೆಳಗಿದೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ಬರುವುದು ಪೈಪಿನಲ್ಲಿ ರಾತ್ರಿಯಿಡೀ ನಿಂತ ತಣ್ಣೀರು. ಅವಸರದವರು ಇನ್ನಷ್ಟು ತಿರುಗಿಸುತ್ತಾರೆ, ತಣ್ಣೀರಿನದನ್ನು ಪೂರ್ತಿ ಮುಚ್ಚುತ್ತಾರೆ. ಒಮ್ಮೆಲೇ ಸುಡುನೀರು. ಅಯ್ಯಯ್ಯೋ ಎಂದು ತಣ್ಣೀರು ಬಿಟ್ಟರೆ ಸ್ವಲ್ಪ ಹೊತ್ತಿಗೆ ನಡುಕ. ಮೊದಲ ತಿರುವಿಗೆ ಬರಬೇಕಾದ ಬಿಸಿನೀರು ಹೊರಟಾಗಿತ್ತು, ಪೈಪಿನಲ್ಲಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯದೆ ಎರಡನೆಯ ಸಲ ತಿರುಗಿಸಿದ್ದೇ ಎಡವಟ್ಟು.

ಮನೆಯಲ್ಲಿ ಎರಡು ದಿನಕ್ಕೆ ಕೈಗೆ ಅಭ್ಯಾಸವಾಗುತ್ತದೆ, ಏಕೆಂದರೆ ತಡ ಅರ್ಧ ನಿಮಿಷದ್ದು. ಸಿಲಿಕಾನ್ ಬಿಲ್ಲೆ ಚಿಪ್ಪಾಗಿ ಹೊರಬರಲು ಮೂರು ತಿಂಗಳು, ಹಲವು ಸಲ ಇನ್ನೂ ಹೆಚ್ಚು ಬೇಕು. ಮೂರು ತಿಂಗಳ ಹಿಂದೆ ತಿರುಗಿಸಿದ ನಲ್ಲಿಯ ನೆನಪು ಯಾರಿಗಿರುತ್ತದೆ?

ಬಿಯರ್ ಆಟ

ಎಂಐಟಿಯಲ್ಲಿ 1960ರ ಆಸುಪಾಸಿನಲ್ಲಿ ಫಾರೆಸ್ಟರ್ ಬಳಗ ಇದನ್ನು ಒಂದು ಆಟವಾಗಿಸಿತು. ಹೆಸರು ಬಿಯರ್ ಆಟ; ಕುಡಿಯಲು ಏನೂ ಕೊಡುವುದಿಲ್ಲ. ಅಂಗಡಿಯವ, ಸಗಟು ವ್ಯಾಪಾರಿ, ಡಿಸ್ಟ್ರಿಬ್ಯೂಟರ್, ಬಿಯರ್ ಕಾರ್ಖಾನೆ: ನಾಲ್ವರು ಸಾಲಾಗಿ ಕೂರಬೇಕು, ಮಾತಾಡಕೂಡದು, ಚೀಟಿಯಲ್ಲಿ ಆರ್ಡರ್ ಬರೆದು ಪಕ್ಕದವರಿಗೆ ಕೊಡಬೇಕು. ಮಾಲು ಬರಲು ಕೆಲವು ವಾರ ಹಿಡಿಯುತ್ತದೆ. ಕಟ್ಟಿನಲ್ಲಿಟ್ಟ ಕಾರ್ಡುಗಳ ಮೇಲೆ ಗಿರಾಕಿಯ ಬೇಡಿಕೆ ಬರೆದಿರುತ್ತದೆ, ಅದು ಅಂಗಡಿಯವನಿಗೆ ಮಾತ್ರ ಕಾಣುತ್ತದೆ. ಮೊದಲ ನಾಲ್ಕು ವಾರ 4 ಕೇಸ್. ಐದನೆಯ ವಾರ 8. ಆಮೇಲೆ ಆಟ ಮುಗಿಯುವವರೆಗೂ 8, 8, 8.

ಆಟ ಅರ್ಧಕ್ಕೆ ಬರುವಷ್ಟರಲ್ಲಿ ಕಾರ್ಖಾನೆಯ ಕುರ್ಚಿಯಲ್ಲಿರುವವರು 30, 40 ಎಂದು ಬರೆಯುತ್ತಿರುತ್ತಾರೆ. ಇನ್ನೂ ಸ್ವಲ್ಪ ಹೊತ್ತಿಗೆ ಗೋದಾಮುಗಳು ಉಕ್ಕಿ ಎಲ್ಲರ ಚೀಟಿಯಲ್ಲೂ ಸೊನ್ನೆ. ಮುಗಿದ ಮೇಲೆ ‘ಗಿರಾಕಿಯ ಬೇಡಿಕೆ ಹೇಗಿತ್ತು, ಚಿತ್ರ ಬರೆಯಿರಿ’ ಎಂದರೆ ಅಂಗಡಿಯವನನ್ನು ಬಿಟ್ಟು ಉಳಿದವರು ದೊಡ್ಡ ದೊಡ್ಡ ಅಲೆಗಳನ್ನೇ ಬರೆಯುತ್ತಾರೆ. ನಿಜವಾದ ಗೆರೆ ತೋರಿಸಿದಾಗ ನಂಬುವುದಿಲ್ಲ.

ಸಂಶೋಧಕ ಜಾನ್ ಸ್ಟರ್ಮನ್ 1989ರಲ್ಲಿ ಇಂಥ ಆಟಗಳ ಲೆಕ್ಕವನ್ನು ಜಾಲಾಡಿದರು. ಸರಿಯಾಗಿ ಆಡಿದರೆ ಆಗಬಹುದಾದ ಖರ್ಚಿಗಿಂತ ತಂಡಗಳ ಸರಾಸರಿ ಖರ್ಚು ಸುಮಾರು ಹತ್ತು ಪಟ್ಟಿತ್ತು. ಆಟಗಾರರು ಎಡವಿದ್ದು ಎಲ್ಲಿ ಎಂದರೆ, ದಾರಿಯಲ್ಲಿರುವ ಮಾಲಿನಲ್ಲಿ. ತಾವೇ ಹಾಕಿದ, ಇನ್ನೂ ಬಾರದ ಆರ್ಡರನ್ನು ಅವರು ಬಹುಪಾಲು ಮರೆತು ಮತ್ತೆ ಮತ್ತೆ ಆರ್ಡರ್ ಹಾಕುತ್ತಿದ್ದರು. ಪೈಪಿನಲ್ಲಿರುವ ಬಿಸಿನೀರು!

ಸ್ಕೀಮು, ಟಾರ್ಗೆಟ್ಟು, ತಿಂಗಳ ಕೊನೆ

1990ರ ದಶಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ತಮ್ಮ ಪ್ಯಾಂಪರ್ಸ್ ಡೈಪರಿನ ಲೆಕ್ಕ ನೋಡಿ ಬೆರಗಾದರು. ಹಸುಗೂಸುಗಳು ಡೈಪರ್ ಒದ್ದೆ ಮಾಡುವುದರಲ್ಲಿ ಸುಗ್ಗಿಯೂ ಇಲ್ಲ, ಬರವೂ ಇಲ್ಲ. ಅಂಗಡಿಗಳ ಮಾರಾಟ ಹೆಚ್ಚುಕಡಿಮೆ ಸಮವಾಗಿತ್ತು. ಡಿಸ್ಟ್ರಿಬ್ಯೂಟರುಗಳ ಆರ್ಡರ್ ಕುಣಿಯುತ್ತಿತ್ತು. ಕಂಪನಿ 3ಎಂನಂಥ ಪೂರೈಕೆದಾರರಿಗೆ ಕಚ್ಚಾಮಾಲಿಗಾಗಿ ಹಾಕುತ್ತಿದ್ದ ಆರ್ಡರ್ ಅದಕ್ಕಿಂತ ಕುಣಿಯುತ್ತಿತ್ತು. ಹೌ ಲೀ, ಪದ್ಮನಾಭನ್, ಸಂಗ್‌ಜಿನ್ ವಾಂಗ್ ಎಂಬ ಮೂವರು ಸಂಶೋಧಕರು 1997ರಲ್ಲಿ ಈ ಕತೆಯನ್ನು ಬರೆದರು, ಚಾಟಿಯ ಹೆಸರು ಜಗತ್ತಿಗೆ ಹಬ್ಬಿದ್ದು ಅಲ್ಲಿಂದ. ಆಟಗಾರರ ಮರೆವಷ್ಟೇ ಕಾರಣವಲ್ಲ, ಪೂರ್ತಿ ಎಚ್ಚರವಿರುವ ವ್ಯಾಪಾರಿಯೂ ಅಲೆ ಎಬ್ಬಿಸುತ್ತಾನೆ ಎಂಬುದು ಅವರ ವಾದ. ವ್ಯವಸ್ಥೆಯೇ ಹಾಗೆ ಮಾಡಲು ಅವನಿಗೆ ಲಾಭ ತೋರಿಸುತ್ತದೆ.

ಇದನ್ನು ಓದಲು ಅಮೆರಿಕಕ್ಕೇ ಹೋಗಬೇಕಿಲ್ಲ. ನಮ್ಮ ಯಾವುದೇ ಊರಿನ ಡಿಸ್ಟ್ರಿಬ್ಯೂಟರ್ ಗೋದಾಮಿಗೆ 5ನೇ ತಾರೀಕು ಒಮ್ಮೆ, 29ನೇ ತಾರೀಕು ಒಮ್ಮೆ ಹೋಗಿ ನೋಡಬಹುದು. ಕಂಪನಿಯ ಸೇಲ್ಸ್ ಅಧಿಕಾರಿಗೆ ತಿಂಗಳ ಟಾರ್ಗೆಟ್ ಇರುತ್ತದೆ. ಟಾರ್ಗೆಟ್ ಅಳೆಯುವುದು ಗಿರಾಕಿ ಕೊಂಡದ್ದರ ಮೇಲಲ್ಲ, ಡಿಸ್ಟ್ರಿಬ್ಯೂಟರಿಗೆ ಬಿಲ್ ಆದದ್ದರ ಮೇಲೆ. ಕ್ಲೋಸಿಂಗ್ ಹತ್ತಿರ ಬಂದಂತೆ ‘ಅಣ್ಣಾ, ಐವತ್ತು ಕೇಸ್ ಇಳಿಸಿಕೋ, ಮುಂದಿನ ತಿಂಗಳು ಅಡ್ಜಸ್ಟ್ ಮಾಡೋಣ’ ಎಂಬ ಫೋನು. ಹತ್ತಕ್ಕೆ ಒಂದು ಫ್ರೀ ಎಂಬ ಸ್ಕೀಮು. ಡಿಸ್ಟ್ರಿಬ್ಯೂಟರೂ ಜಾಣ: ಸ್ಕೀಮು ಬರುವವರೆಗೆ ತಡೆದು, ಬಂದಾಗ ಒಂದೂವರೆ ತಿಂಗಳಿನದನ್ನು ತುಂಬಿಕೊಳ್ಳುತ್ತಾರೆ. ಊರಿನ ಜನ ಆ ವಾರ ಎರಡೆರಡು ಸಲ ಸೋಪು ಹಾಕಿಕೊಂಡು ಮೀಯಲಿಲ್ಲ. ಆದರೆ ಫ್ಯಾಕ್ಟರಿಯ ಗೇಟಿನಲ್ಲಿ ತಿಂಗಳ ಕೊನೆಗೆ ಲಾರಿಗಳ ಸಾಲು, ಮೊದಲ ವಾರ ಬಣಬಣ. ಲಾರಿ ಪೂರ್ತಿ ತುಂಬುವವರೆಗೆ ಕಾಯುವುದು, ಬಾಡಿಗೆ ಉಳಿಸುವುದು, ಇದೂ ಗಂಟು ಗಂಟಾಗಿ ಆರ್ಡರ್ ಬರಲು ಒಂದು ಕಾರಣ.

ನನ್ನ ಅನುಮಾನ ಏನೆಂದರೆ, ನಮ್ಮ ಕಂಪನಿಗಳು ‘ಸೀಸನ್’ ಎಂದು ಕರೆಯುವ ಏರಿಳಿತದ ಒಂದು ಪಾಲು ಅವರದೇ ಕ್ಯಾಲೆಂಡರಿನ ಕೂಸು. ದೀಪಾವಳಿ ಸೀಸನ್ ಹೌದು. ಮಾರ್ಚ್ 31 ಯಾವ ಹಬ್ಬ?

ಸುಳ್ಳು ಸರದಿ

ಮಾಲು ಸಾಲದೆ ಬಂದಾಗ ಅಲೆ ಇನ್ನೊಂದು ಕಾರಣಕ್ಕೂ ಏಳುತ್ತದೆ. ಕೇಳಿದ್ದರಲ್ಲಿ ಅರ್ಧವನ್ನಷ್ಟೇ ಕೊಡುತ್ತಾರೆ ಎಂದು ಗೊತ್ತಾದವನು ಎರಡರಷ್ಟು ಕೇಳುತ್ತಾನೆ, ಇಬ್ಬರ ಬಳಿ ಕೇಳುತ್ತಾನೆ. ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ರದ್ದು ಮಾಡುತ್ತಾನೆ. 2000ದಲ್ಲಿ ಇಂಟರ್ನೆಟ್ ಉಪಕರಣಗಳಿಗೆ ಹೀಗೇ ನೂಕುನುಗ್ಗಲಿತ್ತು. ಸಿಸ್ಕೋ ಕಂಪನಿ ಆ ಸರದಿಯನ್ನು ನಂಬಿ ಬಿಡಿಭಾಗಗಳನ್ನು ಪೇರಿಸಿಕೊಂಡಿತು. 2001ರಲ್ಲಿ ಸರದಿ ಕರಗಿದಾಗ ಸುಮಾರು 220 ಕೋಟಿ ಡಾಲರಿನ ಮಾಲನ್ನು ನಷ್ಟದ ಲೆಕ್ಕಕ್ಕೆ ಬರೆಯಬೇಕಾಯಿತು.

ಚಿಪ್ಪಿನ ಕತೆಯಲ್ಲಿ ಈ ಎಲ್ಲ ಎಳೆಗಳೂ ಹೆಣೆದುಕೊಂಡಿದ್ದವು. 2020ರ ಲಾಕ್‌ಡೌನಿನಲ್ಲಿ ಕಾರು ಕಂಪನಿಗಳು ಚಿಪ್ಪಿನ ಆರ್ಡರ್ ರದ್ದು ಮಾಡಿದವು. ಮನೆಯಿಂದ ಕೆಲಸ ಶುರುವಾಗಿ ಲ್ಯಾಪ್‌ಟಾಪಿನವರು ಆ ಜಾಗ ಹಿಡಿದರು. ವರ್ಷದ ಕೊನೆಗೆ ಕಾರಿನ ಗಿರಾಕಿಗಳು ಮರಳಿದಾಗ ಕಾರು ಕಂಪನಿಗಳು ಸಾಲಿನ ತುದಿಯಲ್ಲಿದ್ದವು, ಎದುರಿಗೆ ತಿಂಗಳುಗಳ ತಡ. 2021ರ ಆರಂಭದಲ್ಲಿ ಟೆಕ್ಸಸ್ಸಿನ ಹಿಮಗಾಳಿ, ಜಪಾನಿನ ಒಂದು ಚಿಪ್ ಕಾರ್ಖಾನೆಯ ಬೆಂಕಿ ಗಾಯಕ್ಕೆ ಉಪ್ಪು ಸವರಿದವು. ಮಿಕ್ಕವರು ಹೆದರಿ ಹೆಚ್ಚು ಕೇಳತೊಡಗಿದರು. ಚಿಪ್ ತಯಾರಿಸುವ ತೈವಾನಿನ ಟಿಎಸ್‌ಎಂಸಿ ಕಂಪನಿಯ ಆಗಿನ ಅಧ್ಯಕ್ಷ ಮಾರ್ಕ್ ಲ್ಯೂ ಅದೇ ವರ್ಷ, ಕಾರ್ಖಾನೆಗಳಿಗೆ ಹೋಗುತ್ತಿರುವ ಚಿಪ್ಪು ಹೊರಬರುತ್ತಿರುವ ವಸ್ತುಗಳಿಗಿಂತ ಹೆಚ್ಚಿದೆ, ನಡುವೆ ಯಾರೋ ಕೂಡಿಡುತ್ತಿದ್ದಾರೆ ಎಂದು ಅನುಮಾನಪಟ್ಟರು.

ಗಲ್ಲಾದ ಲೆಕ್ಕ ಎಲ್ಲರಿಗೂ

ಕಾಯಿಲೆ ಇದಾದರೆ ಮದ್ದನ್ನು ಊಹಿಸುವುದು ಕಷ್ಟವಲ್ಲ. ಅಂಗಡಿಯ 11 ಎಂಬ ಅಂಕಿ ಫ್ಯಾಕ್ಟರಿಗೂ ಕಂಡರೆ 37 ಹುಟ್ಟುವುದೇ ಇಲ್ಲ. 1980ರ ದಶಕದ ಕೊನೆಯಲ್ಲಿ ವಾಲ್‌ಮಾರ್ಟ್ ತನ್ನ ಮಾರಾಟದ ಲೆಕ್ಕವನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್‌ಗೆ ತೆರೆದು ತೋರಿಸಿತು. ಎಷ್ಟು ಮಾಲು ಕಳಿಸಬೇಕೆಂದು ಕಂಪನಿಯೇ ನಿರ್ಧರಿಸತೊಡಗಿತು. ಆರ್ಡರ್ ಎಂಬ ಚೀಟಿಯೇ ಬೇಕಾಗಲಿಲ್ಲ. 1990ರ ದಶಕದಲ್ಲಿ ಆ ಕಂಪನಿ ತನ್ನ ಸ್ಕೀಮುಗಳನ್ನೂ ಕಡಿಮೆ ಮಾಡಿ ದಿನವೂ ಒಂದೇ ದರ ಎಂಬ ದಾರಿಗೆ ಬಂತು.

ಹೇಳಿದಷ್ಟು ಸಲೀಸಲ್ಲ. ಇಟಲಿಯ ಪಾಸ್ತಾ ಕಂಪನಿ ಬರಿಲ್ಲಾ 1980ರ ದಶಕದ ಕೊನೆಯಲ್ಲಿ ಡಿಸ್ಟ್ರಿಬ್ಯೂಟರುಗಳಿಗೆ ಇದನ್ನೇ ಕೇಳಿತು: ನಿಮ್ಮ ಗೋದಾಮಿನ ಲೆಕ್ಕ ಕೊಡಿ, ಎಷ್ಟು ಕಳಿಸಬೇಕೆಂದು ನಾವು ನೋಡಿಕೊಳ್ಳುತ್ತೇವೆ. ಇಟಲಿಯವರು ಪಾಸ್ತಾ ತಿನ್ನುವುದು ದಿನವೂ ಒಂದೇ ಸಮ. ಆರ್ಡರ್ ಮಾತ್ರ ವಾರದಿಂದ ವಾರಕ್ಕೆ ಹುಚ್ಚಾಪಟ್ಟೆ. ಆದರೂ ಡಿಸ್ಟ್ರಿಬ್ಯೂಟರುಗಳು ಒಪ್ಪಲಿಲ್ಲ. ನಮ್ಮ ಗೋದಾಮಿನ ಕೀಲಿಕೈ ನಿಮಗೇಕೆ? ಅದಕ್ಕಿಂತ ಗಟ್ಟಿ ವಿರೋಧ ಬಂದದ್ದು ಕಂಪನಿಯ ಸ್ವಂತ ಮಾರಾಟಗಾರರಿಂದ. ಸ್ಕೀಮು ಮಾರುವುದೇ ಅವರ ಕಸುಬು, ಬೋನಸ್ಸು ಅದರ ಮೇಲೆ ನಿಂತಿತ್ತು. ಕೊನೆಗೆ ಕಂಪನಿ ತನ್ನದೇ ಡಿಪೋಗಳಲ್ಲಿ ಮೊದಲು ಮಾಡಿ ತೋರಿಸಬೇಕಾಯಿತು. ಗೋದಾಮಿನ ದಾಸ್ತಾನು ಇಳಿಯಿತು, ಅಂಗಡಿಗಳಿಗೆ ‘ಇಲ್ಲ’ ಎನ್ನುವುದೂ ಕಡಿಮೆಯಾಯಿತು. ಅದನ್ನು ಕಂಡ ಮೇಲೆ ಹೊರಗಿನವರು ಒಬ್ಬೊಬ್ಬರಾಗಿ ಬಂದರು.

ಟೊಯೊಟಾದ ತೈಚಿ ಓನೊ ಬೇರೆ ತುದಿಯಿಂದ ಹೊರಟರು. ಅವರಿಗೆ ಅಮೆರಿಕದ ಸೂಪರ್‌ಮಾರ್ಕೆಟ್ಟುಗಳ ಕ್ರಮ ಹಿಡಿಸಿತ್ತು: ಗಿರಾಕಿ ತೆಗೆದುಕೊಂಡಷ್ಟನ್ನೇ ಶೆಲ್ಫಿಗೆ ಮತ್ತೆ ಇಡುವುದು. ಬಿಡಿಭಾಗದ ಡಬ್ಬಿ ಖಾಲಿಯಾದರೆ ಕಾನ್‌ಬಾನ್ ಎಂಬ ಕಾರ್ಡು ಹಿಂದಕ್ಕೆ ಹೋಗುತ್ತದೆ, ಅಷ್ಟೇ ಮಾಲು ಬರುತ್ತದೆ. ಕಾರ್ಡಿಲ್ಲದೆ ಯಾರೂ ಏನೂ ತಯಾರಿಸುವಂತಿಲ್ಲ. ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆ ನಡೆಯುವುದೂ ಇದೇ ಪದ್ಧತಿಯ ಮೇಲೆ. ಊಹಿಸಿ ಸೇರಿಸುವ ಅಂಕಿಗೆ ಅಲ್ಲಿ ಎಡೆಯಿಲ್ಲ. ಹಾಗೆಂದು ದಾಸ್ತಾನು ಸೊನ್ನೆಯಾದರೆ ಒಳ್ಳೆಯದು ಎಂದು ಹಲವರು ಓದಿಕೊಂಡದ್ದು ಅತಿಯಾಯಿತು. ಜಪಾನಿನ 2011ರ ಭೂಕಂಪದ ಏಟು ತಿಂದ ಟೊಯೊಟಾವೇ ಚಿಪ್ಪುಗಳನ್ನು ಕೆಲವು ತಿಂಗಳಿಗಾಗುವಷ್ಟು ಇಟ್ಟುಕೊಳ್ಳಲು ಪೂರೈಕೆದಾರರಿಗೆ ಹೇಳಿತ್ತು. ಆದ್ದರಿಂದಲೇ 2021ರ ಮೊದಲ ತಿಂಗಳುಗಳಲ್ಲಿ ಉಳಿದವರು ಬಾಗಿಲು ಹಾಕುವಾಗ ಅದು ಓಡುತ್ತಿತ್ತು, ಆಗಸ್ಟಿನ ನಂತರವಷ್ಟೇ ಕುಂಟಿತು.

ತಡ ಕಡಿಮೆಯಿದ್ದು, ಕೂಡಿಡಲು ಆಗದಿದ್ದರೆ ಏನಾಗುತ್ತದೆ ಎಂದು ನೋಡಬೇಕಾದವರು ಹಾಲಿನ ಬೂತಿಗೆ ಹೋಗಲಿ. ನಾಳೆಗೆ ಎಷ್ಟು ಬೇಕು ಎಂಬ ಇಂಡೆಂಟ್ ಇವತ್ತು, ಹಾಲು ನಾಳೆ ನಸುಕಿಗೆ. ಅಗ್ಗವೆಂದು ಒಂದೂವರೆ ತಿಂಗಳ ಹಾಲನ್ನು ಯಾರೂ ತುಂಬಿಕೊಳ್ಳಲಾರರು.

ನಾಲ್ಕೇ ಎಂದು ಗೊತ್ತಿದ್ದರೂ

ಹಾಗಾದರೆ ಗಿರಾಕಿಯ ಲೆಕ್ಕ ಎಲ್ಲರಿಗೂ ಕಂಡರೆ ಚಾಟಿ ನಿಂತೇಬಿಡುತ್ತದೆಯೆ? ರೇಚಲ್ ಕ್ರೋಸನ್, ಕರೆನ್ ಡೊನಹ್ಯೂ, ಎಲೆನಾ ಕಾಟೊಕ್ ಮತ್ತು ಅದೇ ಸ್ಟರ್ಮನ್ ಸೇರಿ ನಡೆಸಿ, 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬಿಯರ್ ಆಟವನ್ನೇ ಆಡಿಸಿದರು, ಆದರೆ ಗುಟ್ಟೇನೂ ಇಟ್ಟುಕೊಳ್ಳಲಿಲ್ಲ. ಗಿರಾಕಿ ಪ್ರತಿ ವಾರ 4 ಕೇಸ್ ಕೊಳ್ಳುತ್ತಾನೆ, ಎಂದೂ ಬದಲಾಗುವುದಿಲ್ಲ ಎಂದು ಎಲ್ಲರೆದುರು ಮೊದಲೇ ಹೇಳಿದರು. ಎಲ್ಲರೂ 4 ಬರೆದರೆ ಆಟ ಮುಗಿಯುವವರೆಗೂ ತೊಂದರೆಯೇ ಇಲ್ಲ.

ಎಲ್ಲರೂ 4 ಬರೆಯಲಿಲ್ಲ. ಅಲೆ ಎದ್ದೇ ಎದ್ದಿತು. ಗಿರಾಕಿಯ ಮೇಲೆ ಅನುಮಾನಕ್ಕೆ ಜಾಗವಿರಲಿಲ್ಲ, ಪಕ್ಕದ ಕುರ್ಚಿಯವನ ಮೇಲಿತ್ತು: ಇವನು 4 ಬಿಟ್ಟು ಬೇರೇನಾದರೂ ಬರೆದರೆ? ಹಾಗೆ ಅನಿಸಿದವನು ಮುನ್ನೆಚ್ಚರಿಕೆಗೆಂದು ಒಂದೆರಡು ಹೆಚ್ಚು ಬರೆದ; ಅದನ್ನು ಕಂಡವನಿಗೆ ತನ್ನ ಅನುಮಾನ ಸರಿಯೆನಿಸಿತು. ಅದೇ ಪ್ರಯೋಗದಲ್ಲಿ, ಆರಂಭದಲ್ಲೇ ಎಲ್ಲರ ಗೋದಾಮಿಗೆ ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚು ಮಾಲು ಹಾಕಿಕೊಟ್ಟಾಗ ಅಲೆ ತಗ್ಗಿತು. ಗಿರಾಕಿಗೆ ಆ ಮಾಲಿನ ಅಗತ್ಯವಿರಲಿಲ್ಲ. ಪಕ್ಕದವನು ಎಡವಟ್ಟು ಮಾಡಿದರೂ ತನಗೆ ನಡೆಯುತ್ತದೆ ಎಂದಾದ ಮೇಲೆ ಆಟಗಾರರ ಚೀಟಿಯ ಅಂಕಿಗಳು 4ರ ಹತ್ತಿರಕ್ಕೆ ಬಂದವು.